ರ‍್ಯಾಮ್ ತುಂಬೈತೆ ಅಂತ ಹೆದರ್ಸೋರು

ಸಂಪಾದಕರಿಗೆ ನಮಸ್ಕಾರ,

ದಾವಣಗೆರೆ ಪಿ.ಜೆ. ಬಡಾವಣೇಲಿ ನಂದೊಂದು ಸಣ್ಣ ಡಿಟಿಪಿ ಅಂಗಡಿ. ಕಂಪ್ಯೂಟರಲ್ಲಿ ಏನೂ ಓಪನ್ ಮಾಡದಿದ್ರೂ, ಪ್ರೋಗ್ರಾಂ ಓಡೋಕೆ ಬೇಕಾದ ಮೆಮೊರಿ, ಅಂದ್ರೆ 8 ಜಿಬಿ ರ‍್ಯಾಮಲ್ಲಿ ಅರ್ಧ ತುಂಬೈತೆ ಅಂತ ಟಾಸ್ಕ್ ಮ್ಯಾನೇಜರ್ (ಯಾವ ಪ್ರೋಗ್ರಾಂ ಎಷ್ಟು ಮೆಮೊರಿ ತಿಂತೈತೆ ಅಂತ ಪಟ್ಟಿ ಕೊಡೋ ವಿಂಡೋಸಿನ ಸಾಧನ) ತೋರಿಸ್ತಿತ್ತು, ಒಬ್ರು ವೈರಸ್ ಅಂದ್ರು, ಇನ್ನೊಬ್ರು ಹೊಸ ರ‍್ಯಾಮ್ ಹಾಕ್ಸಿ ಅಂದ್ರು, ನಾನು ಪಟ್ಟೀಲಿರೋದನ್ನೆಲ್ಲ ಕ್ಯಾಲ್ಕುಲೇಟರ್ ಹಿಡ್ಕಂಡು ಕೂಡಿದ್ರೆ ಲೆಕ್ಕಾನೇ ಟ್ಯಾಲಿ ಆಗಲ್ಲ! ಆಮೇಲೆ ಗೊತ್ತಾಯ್ತು, ವಿಂಡೋಸಿನ ತಿರುಳಾದ ಕರ್ನಲ್ಲು, ಪ್ರಿಂಟರ್ ಥರದ ಸಾಧನ ನಡೆಸೋ ಡ್ರೈವರ್‌ಗಳು ತಿನ್ನೋ ಮೆಮೊರಿ ಆ ಪಟ್ಟೀಲಿ ಬರೋದೇ ಇಲ್ವಂತೆ. ಪರ್ಫಾರ್ಮೆನ್ಸ್ ಟ್ಯಾಬಲ್ಲಿ 'ಕ್ಯಾಶ್ಡ್' (ಮತ್ತೆ ಬೇಕಾದೀತು ಅಂತ ಮೆಮೊರೀಲಿ ಇಟ್ಕಂಡಿರೋ ಡೇಟಾ) ಅಂತ ಇರೋದಂತೂ ದಂಡ ಅಲ್ಲ, ನಮ್ಮೂರ ಬೆಣ್ಣೆದೋಸೆ ಹೋಟ್ಲಲ್ಲಿ ಹಂಚು ಕಾಯ್ಸಿಟ್ಟಂಗೆ, ಬೇರೆ ಪ್ರೋಗ್ರಾಂ ಕೇಳಿದ್ರೆ ವಿಂಡೋಸ್ ಬಿಟ್ಕೊಡತ್ತೆ. ನಿಮ್ಮ ಪೇಪರಲ್ಲಿ ವಾರಕ್ಕೊಂದ್ಸಲ ಇಂಥದ್ದು ಬರೀರಿ, ನಮ್ಮಂಥೋರ ದುಡ್ಡು ಉಳಿಯತ್ತೆ.

ಇಂತಿ, ಒಬ್ಬ ಡಿಟಿಪಿಯವ, ದಾವಣಗೆರೆ