ಜ್ವರ ಮುಚ್ಚಿಡುವ ಹುಡುಗರು

ಮಾಟುಂಗಾ, ಮುಂಬಯಿ

ಪ್ರೀತಿಯ ಅಳಿಯನಿಗೆ ಮಾವನ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ಹೋಟೆಲಿನ ಹುಡುಗರ ಮೇಲೆ ಭಾರೀ ರೇಗಾಡಿದೆಯಲ್ಲ. ಪುಣೆಯಲ್ಲಿ ಡೆಂಗಿ ಜಾಸ್ತಿಯಾಗಿದೆ, ಗೋಡೆಗೆ ಬೋರ್ಡ್ ಹಾಕಿಸಿದ್ದೀಯ, ಆದರೂ ಜ್ವರ ಬಂದವನು ಒಂದು ಪ್ಯಾರಾಸಿಟಮಾಲ್ ನುಂಗಿ ಸುಮ್ನೆ ಟೇಬಲ್ ಒರೆಸುತ್ತಾನೆ. "ಇವರಿಗೆ ಬುದ್ಧಿ ಇಲ್ಲ ಮಾವ" ಅಂದೆ. ಬುದ್ಧಿ ಇದೆ ಮಾರಾಯ, ಲೆಕ್ಕವೂ ಬರುತ್ತದೆ. ಮಲಗಿದಷ್ಟು ದಿನದ ಸಂಬಳ ಹೋಯಿತು. ಡಾಕ್ಟರ ಫೀಸು, ರಕ್ತ ಪರೀಕ್ಷೆಯ ಖರ್ಚು ಬೇರೆ. ಊರಿಗೆ ಕಳಿಸಿದರೆ ತಿರುಗಿ ಬರುವಷ್ಟರಲ್ಲಿ ಅವನ ಜಾಗದಲ್ಲಿ ಇನ್ನೊಬ್ಬ ನಿಂತಿರುತ್ತಾನೆ. ಹೀಗಿರುವಾಗ ಯಾರು ಬಾಯಿ ಬಿಡುತ್ತಾರೆ ಹೇಳು?

ನೀನಿರುವ ಊರಿನಲ್ಲೇ 1897ರ ಪ್ಲೇಗಿನಲ್ಲಿ ಇದೇ ಕತೆ. ಪ್ಲೇಗ್ ಅಧಿಕಾರಿ ರ‍್ಯಾಂಡ್ ಮನೆಮನೆಗೆ ಸೋಲ್ಜರುಗಳನ್ನು ನುಗ್ಗಿಸಿದ. ದೇವರ ಕೋಣೆ, ಅಡುಗೆ ಮನೆ ಒಂದೂ ಬಿಡಲಿಲ್ಲ. ಜನ ರೋಗಿಗಳನ್ನೇ ಅಡಗಿಸಿಟ್ಟರು. ಸಿಟ್ಟು ಎಲ್ಲಿಗೆ ಮುಟ್ಟಿತೆಂದರೆ, ಜೂನ್ 22ರ ರಾತ್ರಿ ಗಣೇಶಖಿಂಡ ರಸ್ತೆಯಲ್ಲಿ ಚಾಪೇಕರ್ ಸಹೋದರರು ಅವನಿಗೆ ಗುಂಡು ಹೊಡೆದರು. ರೋಗಿಗಳನ್ನು ಬೇರೆ ಇಡಬೇಕಾಗಿತ್ತು, ಸರಿಯೇ. ಆದರೆ ಬೂಟುಗಾಲಲ್ಲಿ ಒಳಗೆ ಬಂದವನಿಗೆ ಯಾರು ಜ್ವರ ತೋರಿಸುತ್ತಾರೆ? ಅದೇ ಪುಣೆಯಲ್ಲಿ ಸಾವಿತ್ರಿಬಾಯಿ ಫುಲೆ ರೋಗಿಗಳನ್ನು ಮಗ ಯಶವಂತನ ದವಾಖಾನೆಗೆ ತಂದು ಆರೈಕೆ ಮಾಡಿದರು. ಅದೇ ರೋಗ ತಗಲಿ ಮಾರ್ಚ್ 10ರಂದು ತೀರಿಕೊಂಡರು. ಇಲ್ಲಿ ಮುಂಬಯಿಯಲ್ಲಿ ವಿಜ್ಞಾನಿ ಹಾಫ್‌ಕಿನ್ ಸಾಹೇಬ ತಾನೇ ತಯಾರಿಸಿದ ಪ್ಲೇಗಿನ ಲಸಿಕೆಯನ್ನು ಆ ಜನವರಿಯಲ್ಲಿ ಮೊದಲು ತನಗೇ ಚುಚ್ಚಿಸಿಕೊಂಡಿದ್ದ.

2020ರ ಕೊರೊನಾ ಕಾಲದ ಧಾರಾವಿ ಕೊಳೆಗೇರಿ ನಿನಗೂ ನೆನಪಿರಬೇಕು. ಒಂದೇ ಕೋಣೆಯಲ್ಲಿ ಎಂಟು ಹತ್ತು ಜನ, ಬೆಳಿಗ್ಗೆ ಎದ್ದರೆ ಸಾರ್ವಜನಿಕ ಕಕ್ಕಸಿನ ಮುಂದೆ ಸಾಲು. ಅವರಿಗೆ "ಅಂತರ ಕಾಪಾಡಿ" ಅಂದರೆ ತಮಾಷೆ ಮಾಡಿದ ಹಾಗೆ, ಅಲ್ವಾ? ಅಲ್ಲಿ ಕೆಲಸ ಆದದ್ದು ಬೇರೆ ರೀತಿಯಲ್ಲಿ. ಅದೇ ಗಲ್ಲಿಗಳಲ್ಲಿ ದವಾಖಾನೆ ಇಟ್ಟ ಡಾಕ್ಟರರು ಮನೆಮನೆಗೆ ಹೋದರು. ಶಾಲೆ, ಸಭಾಂಗಣಗಳಲ್ಲಿ ಹಾಸಿಗೆ ಹಾಕಿ, ಊಟ ಕೊಟ್ಟು ಬೇರೆ ಇಟ್ಟರು. ಗುರುತಿನ ಮುಖ, ಹೊಟ್ಟೆಗೆ ಊಟ. ಜನ ಬಾಗಿಲು ತೆಗೆದರು.

ಆದ್ದರಿಂದ ಜ್ವರದ ರಜೆಗೆ ಸಂಬಳ ಕಡಿಯಬೇಡ. ಅದನ್ನು ಗಲ್ಲಾದಲ್ಲಿ ಕೂತು ನೀನು ಹೇಳಬೇಡ, ಅಡುಗೆಯ ಭಟ್ರ ಬಾಯಿಂದ ಹೇಳಿಸು. ಹುಡುಗರು ನಿನಗೆ ಹೆದರುತ್ತಾರೆ, ಭಟ್ರನ್ನು ನಂಬುತ್ತಾರೆ. ಒಬ್ಬಿಬ್ಬರು ಸುಳ್ಳು ಜ್ವರ ಹೇಳಿಯೇ ಹೇಳುತ್ತಾರೆ. ಹೇಳಲಿ. ಅಡುಗೆ ಮನೆಯಲ್ಲಿ ಅರ್ಧ ಜನ ಮಲಗುವುದಕ್ಕಿಂತ ಅದು ಅಗ್ಗ.

"ನೀರು ತುಂಬಿಸಿಡಬೇಡಿ" ಅಂತ ಬೋರ್ಡಿನಲ್ಲಿ ಬರೆಸಿದ್ದೀಯಂತೆ. ನಲ್ಲಿ ಬೆಳಿಗ್ಗೆ ಒಂದಿಷ್ಟು ಹೊತ್ತು ಬಂದು ನಿಲ್ಲುವ ಕಡೆ ಡ್ರಮ್ ತುಂಬಿಸದೆ ಸಾಂಬಾರಿಗೆ ಏನು ಹಾಕುತ್ತೀ? ಗಟ್ಟಿಯಾಗಿ ಕೂರುವ ಮುಚ್ಚಳ ತಂದುಕೊಡು. ವಾರಕ್ಕೊಮ್ಮೆ ಡ್ರಮ್ ಖಾಲಿ ಮಾಡಿಸಿ ಒಳಗಿನ ಗೋಡೆ ಉಜ್ಜಿಸು. ಪಾಲಿಕೆಯವರು ಮರಾಠಿಯಲ್ಲಿ ಹೇಳುವ "ಕೋರಡಾ ದಿವಸ್", ಅಂದರೆ ಒಣ ದಿನ, ಇದೇ. ಡೆಂಗಿ ಸೊಳ್ಳೆಯ ಮೊಟ್ಟೆ ನೀರಿನ ಅಂಚಿಗೆ ಅಂಟಿಕೊಂಡಿರುತ್ತದೆ, ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ. ಬರೀ ನೀರು ಚೆಲ್ಲಿದರೆ ಸಾಲದು. ಮೊಟ್ಟೆಯಿಂದ ಸೊಳ್ಳೆ ಆಗಲು ಏಳೆಂಟು ದಿನ ಸಾಕು. ತಂಪು ಪಾನೀಯದ ಫ್ರಿಜ್ಜಿನ ಹಿಂದೆ ಕೆಳಗಡೆ ಒಂದು ತಟ್ಟೆ ಇರುತ್ತದೆ, ಬಗ್ಗಿ ನೋಡು. ಅದನ್ನು ಯಾರೂ ನೋಡಿರುವುದಿಲ್ಲ.

ಜ್ವರದವನನ್ನು ಹಗಲು ಹೊತ್ತಿನಲ್ಲೂ ಸೊಳ್ಳೆ ಪರದೆಯೊಳಗೇ ಮಲಗಿಸು. ಈ ಸೊಳ್ಳೆ ಕಚ್ಚುವುದು ಹಗಲಲ್ಲಿ. ಅವನನ್ನು ಕಚ್ಚಿದ ಸೊಳ್ಳೆಯೇ ಮುಂದೆ ಉಳಿದವರಿಗೂ ರೋಗ ಹಂಚುತ್ತದೆ. ಮೈಕೈ ನೋವೆಂದು ಆಸ್ಪಿರಿನ್, ಬ್ರುಫೆನ್ ಕೊಡಬೇಡ, ರಕ್ತಸ್ರಾವದ ಭಯ. ಜ್ವರ ಬಿಟ್ಟಿತು ಅಂತ ಕೂಡಲೇ ಕೆಲಸಕ್ಕೂ ಹಚ್ಚಬೇಡ. ಜ್ವರ ಇಳಿದ ಮೇಲಿನ ಒಂದೆರಡು ದಿನವೇ ಅಪಾಯದ್ದು. ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ ಕಂಡರೆ ನೇರ ಆಸ್ಪತ್ರೆಗೆ.

ಮಾಳಿಗೆಯಲ್ಲಿ ಎಷ್ಟು ಜನ ಮಲಗುತ್ತಾರೆ ಅಂತ ತಿಳಿಸು. ಪರದೆ ಇಲ್ಲಿಂದ ಕಳಿಸುತ್ತೇನೆ. ದುಡ್ಡಿನ ಮಾತು ಆಮೇಲೆ.

ಇತಿ,
ನಿನ್ನ ಮಾವ