ಕೈ ಕಟ್ಟಿದರೆ ಬಾಯಿ ಕಟ್ಟಿದಂತೆ

ಮಾನ್ಯರೆ,

ಮನೋವೈದ್ಯರ ತಪಾಸಣೆ ಬಹುಪಾಲು ಕಣ್ಣು-ಕಿವಿಯನ್ನೇ ನಂಬಿ ನಿಂತಿದೆ. ರೋಗಿ ಮುಖ ಕೊಟ್ಟು ಮಾತಾಡುತ್ತಾರೆಯೇ, ಕರೆದರೆ ತಿರುಗುತ್ತಾರೆಯೇ ಎಂದು ನೋಡಿ ಬರೆದುಕೊಳ್ಳುತ್ತಾರೆ. ಶ್ರವಣ, ದೃಷ್ಟಿ ಎರಡೂ ಇಲ್ಲದವರ ವಿಷಯದಲ್ಲಿ ಈ ಗುರುತುಗಳು ದಾರಿ ತಪ್ಪಿಸುತ್ತವೆ. ಒಬ್ಬರೇ ಕೂತು ಬೆರಳಾಡಿಸುವವರಿಗೆ ಚಿತ್ತಭ್ರಮೆ ಎನ್ನುವುದುಂಟು. ನಾವು ಬಾಯಲ್ಲಿ ಗೊಣಗಿಕೊಳ್ಳುವುದನ್ನೇ ಅವರು ಕೈಯಲ್ಲಿ ಗೊಣಗಿಕೊಳ್ಳುತ್ತಿರಬಹುದು. ದೃಷ್ಟಿ ಕಳೆದುಕೊಂಡವರಿಗೆ ಇಲ್ಲದ ಮುಖ, ಆಕೃತಿಗಳು ಕಾಣುವ ಚಾರ್ಲ್ಸ್ ಬಾನೆ ಸಿಂಡ್ರೋಮ್, ಸ್ಕಿಜೋಫ್ರೇನಿಯಾ ಎಂಬ ತೀವ್ರ ಮನೋರೋಗವಲ್ಲ. ಬೆಳಕೇ ಗೊತ್ತಾಗದವರ ದೇಹದ ಗಡಿಯಾರ 24 ಗಂಟೆಗೆ ಹೊಂದದೆ, ನಿದ್ದೆಯ ಹೊತ್ತು ದಿನದಿನಕ್ಕೂ ಜಾರಬಹುದು. ಅದು ಖಿನ್ನತೆಯ ನಿದ್ರಾಹೀನತೆಯಂತೆಯೇ ಕಾಣುತ್ತದೆ.

ಇದಕ್ಕಿಂತ ದೊಡ್ಡ ತಪ್ಪು, ನಿಜವಾದ ಖಿನ್ನತೆಯನ್ನು 'ಈ ಸ್ಥಿತಿಯಲ್ಲಿ ಇದೆಲ್ಲ ಸಹಜ' ಎಂದು ಕೈಬಿಡುವುದು. ಶ್ರವಣ, ದೃಷ್ಟಿ ಎರಡನ್ನೂ ಕಾಡುವ ಆನುವಂಶಿಕ ಕಾಯಿಲೆಯಾದ ಅಶರ್ ಸಿಂಡ್ರೋಮ್‌ನಲ್ಲಿ ದೃಷ್ಟಿ ಮೆಲ್ಲಮೆಲ್ಲನೆ ಕಿರಿದಾಗುತ್ತದೆ. ಎದುರಿನವರ ಸಂಜ್ಞೆ ಕಾಣದಾದ ದಿನ, ಒಬ್ಬರೇ ರಸ್ತೆ ದಾಟಲಾಗದ ದಿನ, ಪ್ರತಿ ಹಂತದಲ್ಲೂ ಸಾವಿನ ಯೋಚನೆ ಬಂದಿದೆಯೇ ಎಂದು ನೇರವಾಗಿ ಕೇಳಲೇಬೇಕು.

ಕೇಳುವುದು ಹೇಗೆ? ಮೊದಲು ಅವರ ಭಾಷೆ ಯಾವುದೆಂದು ತಿಳಿಯಬೇಕು: ಕೈಯೊಳಗೆ ಕೈಯಿಟ್ಟು ಮಾಡುವ ಸ್ಪರ್ಶ ಸಂಜ್ಞೆಯೋ, ಅಂಗೈ ಮೇಲೆ ಬರೆಯುವ ಅಕ್ಷರವೋ, ಬ್ರೈಲೋ, ದಪ್ಪಕ್ಷರವೋ. ಮನೆಯವರನ್ನು ದುಭಾಷಿ ಮಾಡಬಾರದು. ಸಾಯಬೇಕು ಅನಿಸುತ್ತಿದೆ ಎಂದು ತಾಯಿಯ ಕೈಯೊಳಗೇ ಯಾರು ಹೇಳಿಯಾರು? ಸ್ಪರ್ಶ ಸಂಜ್ಞೆ ಬಲು ಆಯಾಸದ ಕೆಲಸ. ಇಬ್ಬರು ದುಭಾಷಿಗಳಿರಲಿ, 20 ನಿಮಿಷಕ್ಕೊಮ್ಮೆ ಬದಲಾಗಲಿ, ಭೇಟಿಗೆ ಮಾಮೂಲಿಗಿಂತ ಎರಡು ಪಟ್ಟಾದರೂ ಸಮಯವಿರಲಿ. ತಲೆಯಾಡಿಸಿದ ಮಾತ್ರಕ್ಕೆ 'ಹೌದು' ಎಂದಲ್ಲ, 'ಮುಂದೆ ಹೇಳಿ' ಎಂದಿರಬಹುದು. ಅರ್ಥವಾದದ್ದನ್ನು ಅವರಿಂದಲೇ ಮರಳಿ ಹೇಳಿಸಿಕೊಳ್ಳಬೇಕು. ವೈದ್ಯರು ಕೋಣೆಯಿಂದ ಎದ್ದುಹೋಗುವಾಗಲೂ ಕೈಮುಟ್ಟಿ ತಿಳಿಸಬೇಕು, ಇಲ್ಲವಾದರೆ ರೋಗಿ ಖಾಲಿ ಕುರ್ಚಿಯೊಂದಿಗೆ ಮಾತಾಡುತ್ತಿರುತ್ತಾರೆ.

ಔಷಧದಲ್ಲೂ ಎಚ್ಚರ ಬೇಕು. ಹಾಲೊಪೆರಿಡಾಲ್, ಲಿಥಿಯಂನಿಂದ ಕೈ ನಡುಗಿದರೆ ಸಂಜ್ಞೆ ತೊದಲುತ್ತದೆ, ಬ್ರೈಲ್ ಚುಕ್ಕಿ ಬೆರಳಿಗೆ ಸಿಗುವುದಿಲ್ಲ. ನಡುಕಕ್ಕೆಂದು ಕೊಡುವ ಟ್ರೈಹೆಕ್ಸಿಫೆನಿಡಿಲ್ ಉಳಿದಿರುವ ಅಷ್ಟಿಷ್ಟು ದೃಷ್ಟಿಯನ್ನೂ ಮಸುಕಾಗಿಸಬಹುದು. ಅಶರ್ ಸಿಂಡ್ರೋಮ್‌ನ ಮೊದಲ ಬಗೆ (ಟೈಪ್ 1) ಇರುವವರಿಗೆ ಒಳಗಿವಿಯ ಸಮತೋಲನವೂ ಇರುವುದಿಲ್ಲ; ನಿದ್ದೆ ಮಾತ್ರೆ ಕೊಟ್ಟರೆ ರಾತ್ರಿ ಬೀಳುವ ಅಪಾಯ ಹೆಚ್ಚು. ಆದ್ದರಿಂದ ಕಡಿಮೆ ಪ್ರಮಾಣದಲ್ಲಿ ಶುರುಮಾಡಿ, ಪ್ರಮಾಣ ಏರಿಸುವ ಮುನ್ನ ಪ್ರತಿಸಲವೂ ಸಂಜ್ಞೆ ಮತ್ತು ಬ್ರೈಲ್ ಓದನ್ನು ಪರೀಕ್ಷಿಸಬೇಕು.

ವಾರ್ಡಿನಲ್ಲಿ ಗಾಬರಿಯಾಗಿ ಕೈಬೀಸುವವರನ್ನು ಮಂಚಕ್ಕೆ ಕಟ್ಟುವುದಂತೂ ಅವರ ಬಾಯಿ, ಕಿವಿ ಎರಡನ್ನೂ ಮುಚ್ಚಿದಂತೆ. ತಿಳಿಸದೆ ಹಿಂದಿನಿಂದ ಹಿಡಿದುಕೊಂಡದ್ದಕ್ಕೇ ಎಷ್ಟೋ ಸಲ ಆ ಗಾಬರಿ ಹುಟ್ಟಿರುತ್ತದೆ. ಒಬ್ಬರೇ ಹತ್ತಿರ ಹೋಗಿ, ಭುಜ ಮುಟ್ಟಿ, ತಮ್ಮ ಗುರುತು ಹೇಳಿ, ಕೈ ಕೊಟ್ಟು ಕಾಯಬೇಕು.

– ಕೆಲವು ಮನೋವೈದ್ಯರು ಮತ್ತು ಸ್ಪರ್ಶ ಸಂಜ್ಞೆ ದುಭಾಷಿಗಳು