ಅಂಗಡಿ ಬರಲಿ, ಮನೆಯೂ ಉಳಿಯಲಿ

ಮಾನ್ಯ ಸಂಪಾದಕರೇ,

ಮಡಿಕೇರಿ, ವಿರಾಜಪೇಟೆಯ ಹಳೇ ಬೀದಿಗಳಲ್ಲಿ ಮನೆಗಳು ಒಂದೊಂದಾಗಿ ಲಾಡ್ಜು, ಗೋದಾಮು, ಮಳಿಗೆ ಆಗುತ್ತಿವೆ. ಮಾತು ಬಂದಾಗಲೆಲ್ಲ ಎರಡೇ ಪಕ್ಷ. ವಾಸದ ಜಾಗದಲ್ಲಿ ವ್ಯಾಪಾರಕ್ಕೆ ಅನುಮತಿಯೇ ಬೇಡ ಅನ್ನುವವರು ಒಂದು ಕಡೆ, ನಮ್ಮ ಜಾಗ ನಮ್ಮಿಷ್ಟ ಅನ್ನುವವರು ಇನ್ನೊಂದು ಕಡೆ. ನನಗೆ ಎರಡೂ ಸರಿ ಕಾಣುವುದಿಲ್ಲ.

ಇವು ಯಾವತ್ತೂ ಬರೀ ವಾಸದ ಬೀದಿಗಳಾಗಿರಲಿಲ್ಲ. ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ ವಿರಾಜಪೇಟೆ ಸ್ಥಾಪಿಸಿದ್ದು 1792ರಲ್ಲಿ. ಮಡಿಕೇರಿಯ ನಮ್ಮ ಮಹದೇವಪೇಟೆಗೆ ಅವನ ರಾಣಿಯ ಹೆಸರು. ಪೇಟೆ ಅಂದ ಮೇಲೆ ಮುಂದೆ ಅಂಗಡಿ, ಹಿಂದೆ ಅಥವಾ ಮೇಲೆ ಮನೆ ಇದ್ದದ್ದೇ. ಹೆಂಚಿನ ಮಾಡಿನ ಕೆಲವು ಕಟ್ಟಡಗಳಲ್ಲಿ ಶಟರ್ ಬದಲು ಹಲಗೆ ಬಾಗಿಲು ಈಗಲೂ ಇದೆ. ಪ್ರತಿ ಹಲಗೆಗೂ ನಂಬರ್ ಬರೆದಿರುತ್ತದೆ, ಬೆಳಿಗ್ಗೆ ಒಂದೊಂದಾಗಿ ತೆಗೆದು ಗೋಡೆಗೆ ಒರಗಿಸಬೇಕು, ರಾತ್ರಿ ಅದೇ ಸಾಲಲ್ಲಿ ಕೂರಿಸಬೇಕು, ಒಂದು ಹಿಂದೆ ಮುಂದೆ ಆದರೂ ಕೊನೇ ಹಲಗೆ ಒಳಗೆ ಹೋಗುವುದಿಲ್ಲ. ಹಲಗೆ ಹಾಕಿ ಒಳಬಾಗಿಲಿಂದ ಅಡುಗೆಮನೆಗೆ ಹೋಗಿ ಊಟಕ್ಕೆ ಕೂರುವವರಿಗೆ ಬೀದಿಯಲ್ಲಿ ಏನಾಗುತ್ತಿದೆ ಅಂತ ಗೊತ್ತಿರುತ್ತಿತ್ತು. ಚರಂಡಿ ಕಟ್ಟಿಕೊಂಡರೆ ಅವರೇ ನಗರಸಭೆಗೆ ಫೋನ್ ಮಾಡುತ್ತಿದ್ದರು, ಅಲ್ವಾ?

ಈಗ ಆಗುತ್ತಿರುವುದು ಬೇರೆ. ಕೆಳಗೆ ಅಂಗಡಿ, ಮೇಲೆ ಅದರ ಸ್ಟಾಕು. ಇಲ್ಲಾ ಇಡೀ ಕಟ್ಟಡವೇ ರೂಮುಗಳು. ರಾತ್ರಿ ಮಲಗಲು ಊರಿನವರು ಒಬ್ಬರೂ ಇಲ್ಲ. ಐದಾರು ಜನರ ಮನೆಗೆ ತೋಡಿದ ಶೌಚದ ಪಿಟ್ಟಿಗೆ ವಾರಾಂತ್ಯದಲ್ಲಿ ಇಪ್ಪತ್ತು ಜನರ ಹೊರೆ. ಕಾರು ನಿಲ್ಲಿಸಲು ಮನೆ ಹಿಂದಿನ ಬರೆ (ಗುಡ್ಡದ ಇಳಿಜಾರು) ಅಗೆಯುತ್ತಾರೆ, 2018ರ ಆಗಸ್ಟ್‌ನ ಭೂಕುಸಿತ ನೋಡಿದ ಮೇಲೂ! ದಸರಾಕ್ಕೆ ಕರಗ ಮನೆ ಬಾಗಿಲಿಗೆ ಬಂದಾಗ ರಂಗೋಲಿ ಹಾಕಿ ಕಾಯುವವರು ಬೇಕಲ್ಲ, ಲಾಡ್ಜಿನ ರಿಸೆಪ್ಷನ್ ಹುಡುಗ ಪೂಜೆ ಕೊಡುತ್ತಾನಾ? (ಕೊಟ್ಟರೂ ಕೊಟ್ಟಾನು, ಅದು ಬೇರೆ ಮಾತು.)

ಕಾನೂನು ಇಲ್ಲ ಅಂತಲ್ಲ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಇದೆ. ವಲಯ ನಿಯಮಗಳಲ್ಲಿ ವಾಸದ ವಲಯಕ್ಕೆ ಎರಡು ಪಟ್ಟಿ ಇರುತ್ತವೆ. ನೇರವಾಗಿ ಒಪ್ಪಿದ ಬಳಕೆ ಒಂದು, ವಿಶೇಷ ಸಂದರ್ಭದಲ್ಲಿ ಯೋಜನಾ ಪ್ರಾಧಿಕಾರ ಒಪ್ಪಬಹುದಾದದ್ದು ಇನ್ನೊಂದು. ಮಾಸ್ಟರ್ ಪ್ಲಾನ್‌ನಲ್ಲಿರುವ ಬಳಕೆಯನ್ನೇ ಬದಲಿಸಬೇಕಾದರೆ ಅದೇ ಕಾಯ್ದೆಯ 14-ಎ ಕಲಂ ಇದೆ. ಅದರ ಪ್ರಕಾರ ದಿನಪತ್ರಿಕೆಯಲ್ಲಿ ಪ್ರಕಟಿಸಿ ಸಾರ್ವಜನಿಕರ ಆಕ್ಷೇಪಣೆ ಕೇಳಬೇಕು. ಸರಿ, ಆದರೆ ಆ ಪುಟ್ಟ ಅಕ್ಷರದ ಜಾಹೀರಾತನ್ನು ಯಾರು ಓದುತ್ತಾರೆ ಹೇಳಿ. ಸರ್ವೆ ನಂಬರ್ ನೋಡಿ ಇದು ಪಕ್ಕದ ಮನೆ ಅಂತ ಗುರುತಿಸುವವರು ನಮ್ಮ ಬೀದಿಯಲ್ಲಂತೂ ಇಲ್ಲ.

ಮಡಿಕೇರಿ ಕೋಟೆ ಹತ್ತಿರ ಇನ್ನೊಂದು ಕಾಯ್ದೆಯೂ ಲೆಕ್ಕಕ್ಕೆ ಬರುತ್ತದೆ. ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರಾಚೆ ಮತ್ತೆ 200 ಮೀಟರ್‌ವರೆಗೆ ಅನುಮತಿ ಬೇಕು. ಒಳ್ಳೆಯದೇ. ಆದರೆ ಅದಕ್ಕೆ ಬೇಕಾದದ್ದು ಗೋಡೆ, ಎತ್ತರ, ಅಳತೆ. ಒಳಗೆ ಜನ ವಾಸ ಇದ್ದಾರಾ ಅಂತ ಅದು ಕೇಳುವುದಿಲ್ಲ.

ಹಾಗಾಗಿ ನನ್ನ ಬೇಡಿಕೆ ಇಷ್ಟೇ. ಹಳೇ ಬೀದಿಗಳಲ್ಲಿ ವ್ಯಾಪಾರಕ್ಕೆ ವಿನಾಯಿತಿ ಕೊಡಿ, ಧಾರಾಳವಾಗಿ ಕೊಡಿ, ಸುಮ್ನೆ ಅಲೆದಾಡಿಸಬೇಡಿ. ದರ್ಜಿ ಅಂಗಡಿಗೂ ಕಾಫಿಪುಡಿ ಮಾರುವವರಿಗೂ ಮೂರು ಆಫೀಸು ಯಾಕೆ? ಆದರೆ ಕಟ್ಟಡದ ಒಂದು ಭಾಗ ವಾಸಕ್ಕೇ ಉಳಿಯಬೇಕು, ಮಾಲೀಕರೋ ಬಾಡಿಗೆಯವರೋ ಯಾರಾದರೂ ಅಲ್ಲಿ ಇರಬೇಕು ಅನ್ನುವ ಷರತ್ತು ಅನುಮತಿ ಪತ್ರದಲ್ಲೇ ಬರಲಿ. ಹೋಂಸ್ಟೇ ನಡೆಸುವವರು ಅದೇ ಮನೆಯಲ್ಲಿ ವಾಸ ಇರಬೇಕು ಅಂತ ನಿಯಮ ಮಾಡಿದ ಸರ್ಕಾರಕ್ಕೆ ಇದೇನೂ ಹೊಸ ವಿಚಾರ ಅಲ್ಲ. ಟ್ರೇಡ್ ಲೈಸೆನ್ಸ್ ನವೀಕರಿಸುವಾಗ ಒಮ್ಮೆ ಬಂದು ನೋಡಿದರೆ ಸಾಕು. ಅಡುಗೆಮನೆಯಲ್ಲಿ ಒಲೆ ಉರಿಯುತ್ತಿದೆಯೋ ರಟ್ಟಿನ ಪೆಟ್ಟಿಗೆ ಪೇರಿಸಿದ್ದಾರೋ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ಬಾಡಿಗೆ ಕಡಿಮೆ ಬರುತ್ತದೆ ಅಂತ ಮಾಲೀಕರು ಗೊಣಗುವುದು ಖಂಡಿತ. ನ್ಯಾಯವೂ ಹೌದು, ಹೆಂಚು ಮಾಡಿನ ರಿಪೇರಿ ಖರ್ಚು ಜಾಸ್ತಿ. ಷರತ್ತು ಪಾಲಿಸಿದವರಿಗೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ಕೊಡುವ ಬಗ್ಗೆ ನಗರಸಭೆ, ಪುರಸಭೆಗಳು ಸರ್ಕಾರಕ್ಕೆ ಬರೆಯಲಿ. ಬಳಕೆ ಬದಲಿಸಲು ಅರ್ಜಿ ಬಂದ ಕೂಡಲೇ, ಪತ್ರಿಕೆಯ ಜೊತೆಗೆ ಆ ಕಟ್ಟಡದ ಬಾಗಿಲ ಮೇಲೂ ದೊಡ್ಡ ಕನ್ನಡ ಅಕ್ಷರದಲ್ಲಿ ನೋಟಿಸ್ ಅಂಟಿಸಲಿ. ಮಳೆಗಾಲದಲ್ಲಾದರೆ ಪ್ಲಾಸ್ಟಿಕ್ ಕವರ್ ಹಾಕಿ ಅಂಟಿಸಿ, ಪ್ಲೀಸ್.

ಇತಿ,
ಮಹದೇವಪೇಟೆಯ ನಿವಾಸಿ, ಮಡಿಕೇರಿ